ತೀವ್ರ ನಿಗಾ ತಜ್ಞರಿಗೆ ದತ್ತಾಂಶದ ಪಾಠ ಕಡ್ಡಾಯವಾಗಬೇಕೆ?

ಎಂಡಿ ಮುಗಿಸಿ ತೀವ್ರ ನಿಗಾ ಚಿಕಿತ್ಸೆಯಲ್ಲಿ ಮೂರು ವರ್ಷದ ಡಿಎಂ (ಎಂಡಿಯ ಮೇಲಿನ ಉನ್ನತ ತಜ್ಞ ಪದವಿ) ಮಾಡುವ ವೈದ್ಯರು ಆರೋಗ್ಯ ದತ್ತಾಂಶವನ್ನು ಓದುವುದನ್ನು, ಆಸ್ಪತ್ರೆಯ ತಂತ್ರಾಂಶಗಳನ್ನು ಪರೀಕ್ಷಿಸುವುದನ್ನು ಕಡ್ಡಾಯವಾಗಿ ಕಲಿಯಬೇಕೆ? ಬೆಂಗಳೂರಿನಲ್ಲಿ ಐಸಿಯು ತಜ್ಞೆಯಾಗಿರುವ ವೈದ್ಯೆಯೊಬ್ಬರು ಪರವಾಗಿ ಬರೆದಿದ್ದಾರೆ. ಉತ್ತರ ಕರ್ನಾಟಕದ ವೈದ್ಯಕೀಯ ಕಾಲೇಜೊಂದರಲ್ಲಿ ಬಹುಕಾಲ ಪಾಠ ಹೇಳಿದ ಹಿರಿಯ ಪ್ರಾಧ್ಯಾಪಕರು ವಿರೋಧವಾಗಿ ಬರೆದಿದ್ದಾರೆ.

ಪರ: ಅಂಕಿಗಳನ್ನು ಪ್ರಶ್ನಿಸಲು ಕಲಿಸಿ

ಆಸ್ಪತ್ರೆಯ ಬೇರೆ ವಾರ್ಡುಗಳಲ್ಲಿ ರೋಗಿ ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುತ್ತಾನೆ. ಐಸಿಯುವಿನಲ್ಲಿ ಬಾಯಿಗೆ ನಳಿಕೆ ಹಾಕಿರುತ್ತದೆ, ಮಂಪರಿನ ಔಷಧ ಹರಿಯುತ್ತಿರುತ್ತದೆ. ಅವನ ಪರವಾಗಿ ಮಾತನಾಡುವುದು ಮಾನಿಟರ್, ಕೃತಕ ಉಸಿರು ಕೊಡುವ ವೆಂಟಿಲೇಟರ್, ಔಷಧ ಹರಿಸುವ ಇನ್ಫ್ಯೂಷನ್ ಪಂಪ್, ನರ್ಸ್ ಗಂಟೆಗೊಮ್ಮೆ ಚಾರ್ಟಿನಲ್ಲಿ ತುಂಬುವ ಅಂಕಿಗಳು ಮತ್ತು ಲ್ಯಾಬಿನಿಂದ ಬರುವ ವರದಿಗಳು. ಈ ಅಂಕಿಗಳನ್ನು ನಂಬಿ ಜೀವ-ಸಾವಿನ ನಿರ್ಧಾರ ಮಾಡಲು ನಮ್ಮ ಡಿಎಂ ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಆ ಅಂಕಿ ಎಲ್ಲಿ ಹುಟ್ಟಿತು, ಪರದೆಗೆ ಬರುವ ಮೊದಲು ಯಾವ ಲೆಕ್ಕಾಚಾರಕ್ಕೆ ಸಿಕ್ಕಿತು, ಎಷ್ಟು ಸೆಕೆಂಡಿನ ಸರಾಸರಿ, ಕೊನೆಗೆ ಎಲ್ಲಿ ಹೋಗಿ ಉಳಿಯಿತು ಎಂಬುದನ್ನು ಮಾತ್ರ ಕಲಿಸುವುದಿಲ್ಲ. ಇದು ನನಗೆ ಅರ್ಥವಾಗದ ಸಂಗತಿ. ಹೃದಯದ ಬಡಿತವನ್ನು ಕೇಳುವುದಕ್ಕೆ ಮೊದಲು ಸ್ಟೆತೊಸ್ಕೋಪಿನ ಎರಡು ಮುಖಗಳ ವ್ಯತ್ಯಾಸವನ್ನು ಹೇಳಿಕೊಡುವ ನಾವು, ದಿನವಿಡೀ ನೋಡುವ ಪರದೆಯ ಬಗ್ಗೆ ಒಂದು ತರಗತಿಯನ್ನೂ ಇಟ್ಟಿಲ್ಲ.

ಆ ಪರದೆಗಳ ಅಬ್ಬರ ಎಂಥದೆಂದು ಅಳೆದವರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಐಸಿಯುಗಳಲ್ಲಿ, ಒಟ್ಟು 77 ಹಾಸಿಗೆಗಳ ಮಾನಿಟರುಗಳನ್ನು 31 ದಿನ ದಾಖಲಿಸಿದಾಗ 25 ಲಕ್ಷಕ್ಕೂ ಹೆಚ್ಚು ಅಲಾರಂಗಳು ಸಿಕ್ಕಿದವು. ಕಿವಿಗೆ ಬೀಳುವಂಥವೇ ಒಂದು ಹಾಸಿಗೆಗೆ ದಿನಕ್ಕೆ 187. ಹೃದಯದ ಲಯ ತಪ್ಪಿದೆ ಎಂದು ಕೂಗಿದ 12,671 ಅಲಾರಂಗಳನ್ನು ಒಂದೊಂದಾಗಿ ಕೂತು ಪರಿಶೀಲಿಸಿದರೆ ಅವುಗಳಲ್ಲಿ ಶೇ 88.8ರಷ್ಟು ಸುಳ್ಳು. 2014ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನನ್ನ ವಿದ್ಯಾರ್ಥಿಗಳಿಗೆ ಓದಿಸಿದಾಗ ಅವರು ಬೆರಗಾಗುವುದಿಲ್ಲ, ನಿಟ್ಟುಸಿರು ಬಿಡುತ್ತಾರೆ. ರಾತ್ರಿ ಪಾಳಿಯಲ್ಲಿ ಅವರು ಅನುಭವಿಸುವುದೂ ಇದನ್ನೇ. ಅಲಾರಂ ಮಿತಿಗಳನ್ನು ರೋಗಿಗೆ ತಕ್ಕಂತೆ ಹೊಂದಿಸಬಹುದು, ಯಾವ ಅಲಾರಂ ಎಷ್ಟು ಸಲ ಸುಳ್ಳಾಯಿತೆಂದು ಯಂತ್ರದ ದಾಖಲೆಯಿಂದಲೇ ತೆಗೆದು ನೋಡಬಹುದು ಎಂಬುದನ್ನು ಅವರಿಗೆ ಹೇಳಿದವರೇ ಇಲ್ಲ. ಆದ್ದರಿಂದ ಅವರು ಸುಲಭದ ದಾರಿ ಹಿಡಿಯುತ್ತಾರೆ, ಅಲಾರಮ್ಮಿನ ಧ್ವನಿ ತಗ್ಗಿಸುತ್ತಾರೆ.

ಈಗ ಅಲಾರಂಗಿಂತ ಹೆಚ್ಚು ಆತ್ಮವಿಶ್ವಾಸದಿಂದ ಮಾತನಾಡುವ ತಂತ್ರಾಂಶಗಳು ಬಂದಿವೆ. ಈ ರೋಗಿಗೆ ನಂಜೇರುತ್ತಿದೆ, ಇವನ ಮೂತ್ರಪಿಂಡ ನಾಳೆ ಕೆಡುತ್ತದೆ ಎಂದು ಮುಂಚಿತವಾಗಿ ಹೇಳುವ ಕೃತಕ ಬುದ್ಧಿಮತ್ತೆಯ ಮಾದರಿಗಳು. ಇವುಗಳಲ್ಲಿ ಹೆಸರುವಾಸಿಯಾದದ್ದು, ಆಸ್ಪತ್ರೆಗಳ ದಾಖಲೆ ತಂತ್ರಾಂಶ ಮಾಡುವ ಎಪಿಕ್ ಕಂಪನಿಯ ಸೆಪ್ಸಿಸ್ (ನಂಜೇರುವಿಕೆ) ಮಾದರಿ. ಅಮೆರಿಕದ ನೂರಾರು ಆಸ್ಪತ್ರೆಗಳು ಅದನ್ನು ಬಳಸುತ್ತಿದ್ದವು. ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತಮ್ಮಲ್ಲಿ ದಾಖಲಾದ 38,455 ಪ್ರಕರಣಗಳ ಮೇಲೆ ಅದನ್ನು ಒರೆಗೆ ಹಚ್ಚಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ನಂಜೇರಿದ್ದ ಪ್ರತಿ ಮೂವರಲ್ಲಿ ಇಬ್ಬರನ್ನು ಅದು ಗುರುತಿಸಿರಲಿಲ್ಲ. ಆದರೂ ದಾಖಲಾದವರಲ್ಲಿ ಶೇ 18ರಷ್ಟು ಮಂದಿಯ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಿಖರತೆಯನ್ನು ಅಳೆಯುವ ಒಂದು ಸೂಚ್ಯಂಕವಿದೆ, ಅದರಲ್ಲಿ ನಾಣ್ಯ ಚಿಮ್ಮಿ ಹೇಳಿದರೆ 0.5 ಬರುತ್ತದೆ, ಎಂದೂ ತಪ್ಪದಿದ್ದರೆ 1. ಕಂಪನಿ ಹೇಳಿಕೊಂಡದ್ದು 0.76ರಿಂದ 0.83. ಮಿಷಿಗನ್‌ನಲ್ಲಿ ಸಿಕ್ಕಿದ್ದು 0.63.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕಂಪನಿಯ ತಪ್ಪಲ್ಲ. ತಮ್ಮ ರೋಗಿಗಳ ದಾಖಲೆಗಳನ್ನು ತೆಗೆದು, ಯಾರಿಗೆ ನಿಜವಾಗಿ ನಂಜೇರಿತ್ತು ಎಂದು ತಾವೇ ನಿರ್ಧರಿಸಿ, ಮಾದರಿ ಹೇಳಿದ್ದರ ಪಕ್ಕದಲ್ಲಿ ಇಟ್ಟು ನೋಡಲು ಬಲ್ಲ ವೈದ್ಯರು ಅಲ್ಲಿದ್ದರು ಎಂಬುದು ಮುಖ್ಯ. ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಅಂಥವರಿದ್ದಾರೆ? ಮಾರಾಟ ಪ್ರತಿನಿಧಿ ಲ್ಯಾಪ್‌ಟಾಪ್ ತೆರೆದು ಬಣ್ಣದ ನಕ್ಷೆಗಳನ್ನು ತೋರಿಸುವಾಗ, ‘ಇದನ್ನು ಯಾವ ದೇಶದ ಯಾವ ರೋಗಿಗಳ ಮೇಲೆ ಕಲಿಸಿದ್ದೀರಿ’ ಎಂದು ಕೇಳುವವರು ಎಷ್ಟು ಮಂದಿ?

ಇನ್ನೊಂದು ಉದಾಹರಣೆ ನಮ್ಮ ಮೈಬಣ್ಣಕ್ಕೇ ತಾಗುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕಪ್ಪು ವರ್ಣದವರಲ್ಲಿ ಆಮ್ಲಜನಕದ ಮಟ್ಟವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವ ಸಾಧ್ಯತೆಯಿದೆ ಎಂದು 1990ರಲ್ಲೇ ವರದಿಯಾಗಿತ್ತು. ಮೂವತ್ತು ವರ್ಷ ಅದನ್ನು ಹೆಚ್ಚಿನವರು ತಲೆಗೆ ಹಚ್ಚಿಕೊಳ್ಳಲಿಲ್ಲ. 2020ರ ಡಿಸೆಂಬರಿನಲ್ಲಿ, ಕೋವಿಡ್ ನಡುವೆ, ಮಿಷಿಗನ್‌ನ ವೈದ್ಯರೇ ಮತ್ತೆ ದಾಖಲೆ ತೆಗೆದರು. ಬೆರಳಿನ ಸಾಧನ 92ರಿಂದ 96 ತೋರಿಸುತ್ತಿದ್ದಾಗ, ಅಪಧಮನಿಯ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ಶೇ 3.6ರಷ್ಟು ಸಂದರ್ಭಗಳಲ್ಲಿ, ಕಪ್ಪು ವರ್ಣದವರಲ್ಲಿ ಶೇ 11.7ರಷ್ಟರಲ್ಲಿ. ಇದಕ್ಕೆ ಹೊಸ ಯಂತ್ರ ಬೇಕಾಗಿರಲಿಲ್ಲ, ಹೊಸ ಪರೀಕ್ಷೆ ಬೇಕಾಗಿರಲಿಲ್ಲ. ರಕ್ತದ ಅನಿಲಗಳ ವರದಿ, ಅದೇ ಹೊತ್ತಿನ ಬೆರಳಿನ ಅಂಕಿ, ಎರಡೂ ಜಗತ್ತಿನ ಪ್ರತಿ ಐಸಿಯುವಿನ ಕಡತದಲ್ಲಿ ಬಿದ್ದಿದ್ದವು. ನಮ್ಮಲ್ಲೂ ಬಿದ್ದಿವೆ. ಎರಡು ಕಲಂಗಳನ್ನು ಅಕ್ಕಪಕ್ಕ ಇಡಲು ಬಲ್ಲ ಒಬ್ಬ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ತನ್ನ ಘಟಕದ ರೋಗಿಗಳಿಗೆ ಇದನ್ನು ಲೆಕ್ಕ ಹಾಕಬಲ್ಲ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ನಡೆದದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನ ನಂಬಿಕೆ ಗಟ್ಟಿಯಾದದ್ದು ಅಲ್ಲಿ. ಕೃತಕ ಉಸಿರಾಟದಲ್ಲಿರುವವರಿಗೆ ಪ್ರತಿ ಉಸಿರಿಗೆ ಎಷ್ಟು ಗಾಳಿ ಕೊಡಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಶ್ವಾಸಕೋಶಕ್ಕೆ ತೀವ್ರ ಹಾನಿಯಾದವರಿಗೆ ಕಿಲೋಗೆ 12 ಮಿಲಿಲೀಟರ್ ಬದಲು 6 ಮಿಲಿಲೀಟರ್ ಕೊಟ್ಟರೆ ಸಾವು ಶೇ 39.8ರಿಂದ ಶೇ 31ಕ್ಕೆ ಇಳಿಯುತ್ತದೆ ಎಂದು 2000ದಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿತು. ಇಲ್ಲಿ ಕಿಲೋ ಎಂದರೆ ತಕ್ಕಡಿಯ ತೂಕವಲ್ಲ. ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಾದ್ದರಿಂದ ಎತ್ತರದಿಂದ ಲೆಕ್ಕ ಹಾಕಿದ ತೂಕ. ಇದು ಗೊತ್ತಿಲ್ಲದ ಐಸಿಯು ವೈದ್ಯ ಇಲ್ಲ. ನಮ್ಮ ಘಟಕದಲ್ಲೂ ಎಲ್ಲರಿಗೂ ಗೊತ್ತಿತ್ತು, ಕೇಳಿದರೆ ಎಲ್ಲರೂ ಆರು ಎನ್ನುತ್ತಿದ್ದರು.

ಕರಾವಳಿಯಿಂದ ಬಂದ ಒಬ್ಬ ವಿದ್ಯಾರ್ಥಿನಿ ನಮ್ಮಲ್ಲಿದ್ದಳು. ಅಣ್ಣನಿಂದ ಅಷ್ಟಿಷ್ಟು ಪ್ರೋಗ್ರಾಮಿಂಗ್ ಕಲಿತಿದ್ದಳು. ವೆಂಟಿಲೇಟರಿನ ಅಂಕಿಗಳು ಕಂಪ್ಯೂಟರಿನಲ್ಲಿ ಉಳಿಯುತ್ತವೆಂದು ತಿಳಿದು, ಅನುಮತಿ ಪಡೆದು, ರೋಗಿಗಳ ಹೆಸರು ತೆಗೆದುಹಾಕಿ, ಪಟ್ಟಿ ಮಾಡಿಕೊಂಡಳು. ಒಂದು ದಿನ ರೌಂಡ್ಸ್ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೇಳಿದಳು: ‘ಮೇಡಂ, ನಮ್ಮ ಐಸಿಯುವಿಗೆ ಬರುವವರೆಲ್ಲ ಒಂದೇ ಎತ್ತರದವರೇ?’ ಎತ್ತರದ ಕಲಂನಲ್ಲಿ ಗಂಡಸರಿಗೆಲ್ಲ 170, ಹೆಂಗಸರಿಗೆಲ್ಲ 160 ಎಂದಿತ್ತು. ಖಾಲಿ ಬಿಟ್ಟರೆ ತಂತ್ರಾಂಶ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ಆದ್ದರಿಂದ ದಾಖಲು ಮಾಡಿಕೊಳ್ಳುವವರು ಕೈಗೆ ಬಂದ ಸಂಖ್ಯೆ ಒತ್ತಿ ಮುಂದೆ ಹೋಗುತ್ತಿದ್ದರು. ಎಷ್ಟೋ ವರ್ಷಗಳಿಂದ ಹೀಗೇ ನಡೆದಿತ್ತು.

ಅವಳು ಅಳತೆಪಟ್ಟಿ ಹಿಡಿದು ಮಲಗಿದ ರೋಗಿಗಳನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆಯಲು ನಿಂತಳು. ಕನಕಪುರದ ಕಡೆಯ ಒಬ್ಬ ತಾಯಿ, ಡೆಂಗಿಯ ನಂತರ ಶ್ವಾಸಕೋಶ ಕೆಟ್ಟು ಬಂದವರು, ಎತ್ತರ 148 ಸೆಂಟಿಮೀಟರ್. ತಕ್ಕಡಿಯ ತೂಕ 70 ಕಿಲೋ. ಎತ್ತರದ ಲೆಕ್ಕದಲ್ಲಿ ಅವರ ತೂಕ 41.5 ಕಿಲೋ, ಕೊಡಬೇಕಾದ ಉಸಿರು ಸುಮಾರು 250 ಮಿಲಿಲೀಟರ್. ಯಂತ್ರ ಕೊಡುತ್ತಿದ್ದದ್ದು ತಕ್ಕಡಿಯ ತೂಕಕ್ಕೆ ಆರರಂತೆ 420. ಎತ್ತರದ ತೂಕಕ್ಕೆ ಹಿಡಿದರೆ ಕಿಲೋಗೆ ಹತ್ತರ ಲೆಕ್ಕ. ನಾವು ರಕ್ಷಿಸುತ್ತಿದ್ದೇವೆಂದು ನಂಬಿದ್ದ ಶ್ವಾಸಕೋಶವನ್ನು ಪ್ರತಿ ಉಸಿರಿಗೂ ಹಿಗ್ಗಿಸುತ್ತಿದ್ದೆವು. ಪಟ್ಟಿ ಬೆಳೆದಂತೆ ಕಂಡದ್ದು ಒಂದೇ ಚಿತ್ರ: ಎತ್ತರದ ಗಂಡಸರಿಗೆ ಸರಿಯಾದ ಗಾಳಿ, ಗಿಡ್ಡಗಿನ ಹೆಂಗಸರಿಗೆ ಅತಿಯಾದ ಗಾಳಿ. ಸೋಮವಾರದ ಸಭೆಯಲ್ಲಿ ಅವಳು ಆ ನಕ್ಷೆ ತೋರಿಸಿದಾಗ ಮೊದಲು ಸಿಟ್ಟು ಬಂತು, ವಾದ ನಡೆಯಿತು, ‘ಅಳತೆಯೇ ಸರಿಯಿಲ್ಲ’ ಎಂದವರೂ ಇದ್ದರು. ವಾರ ಕಳೆಯುವಷ್ಟರಲ್ಲಿ ಪ್ರತಿ ಹಾಸಿಗೆಗೂ ಒಂದು ಅಳತೆಪಟ್ಟಿ ಬಂತು, ವೆಂಟಿಲೇಟರಿನ ಮೇಲೆ ಎತ್ತರಕ್ಕೆ ತಕ್ಕ ಗಾಳಿಯ ಕೋಷ್ಟಕ ಅಂಟಿಸಿದ್ದಾಯಿತು. ಕನಕಪುರದ ಆ ತಾಯಿ ಬದುಕಿ ಮನೆಗೆ ಹೋದರು. ಗಾಳಿ ತಗ್ಗಿಸಿದ್ದರಿಂದಲೇ ಬದುಕಿದರೆಂದು ನಾನು ಹೇಳಲಾರೆ, ಒಬ್ಬ ರೋಗಿಯಿಂದ ಹಾಗೆ ಹೇಳಲು ಬರುವುದಿಲ್ಲ. ಇದೂ ಆ ಹುಡುಗಿಯೇ ಸಭೆಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದ ಮಾತು.

ಅವಳಿಗೆ ಅಣ್ಣ ಇಲ್ಲದಿದ್ದರೆ? ಒಂದು ಘಟಕದ ಚಿಕಿತ್ಸೆ ಸುಧಾರಿಸುವುದು ಒಬ್ಬ ವಿದ್ಯಾರ್ಥಿನಿಯ ಮನೆಯಲ್ಲಿ ಯಾರು ಎಂಜಿನಿಯರಿಂಗ್ ಓದಿದ್ದಾರೆ ಎಂಬುದರ ಮೇಲೆ ನಿಂತಿರಬಾರದು. ಪಠ್ಯಕ್ರಮ ಎಂಬುದು ಇರುವುದೇ ಅದಕ್ಕೆ.

ಇದಕ್ಕಿಂತ ದೊಡ್ಡ ಕಾರಣವೂ ಇದೆ. ರೋಗಿಯ ಗಂಭೀರತೆ ಅಳೆಯಲು ನಾವು ನಿತ್ಯ ಬಳಸುವ ಅಪಾಚೆ-2 ಅಂಕಪದ್ಧತಿ 1985ರದ್ದು. 13 ಆಸ್ಪತ್ರೆಗಳ 5,815 ಐಸಿಯು ದಾಖಲಾತಿಗಳ ಮೇಲೆ ಅಮೆರಿಕದಲ್ಲಿ ರೂಪುಗೊಂಡದ್ದು. ಇಂದು ಕೃತಕ ಬುದ್ಧಿಮತ್ತೆಯ ಸಂಶೋಧಕರು ಅತಿ ಹೆಚ್ಚು ಬಳಸುವ ಐಸಿಯು ದತ್ತಾಂಶಗಳಲ್ಲೊಂದಾದ ಮಿಮಿಕ್ ಬಾಸ್ಟನ್ನಿನ ಒಂದೇ ಆಸ್ಪತ್ರೆಯದು. ಅದರ ಮೂರನೆಯ ಆವೃತ್ತಿಯಲ್ಲಿ 2001ರಿಂದ 2012ರವರೆಗಿನ 53,423 ವಯಸ್ಕ ದಾಖಲಾತಿಗಳಿವೆ. ನಂಜೇರಿದವರಿಗೆ ಎಷ್ಟು ದ್ರವ, ಎಷ್ಟು ರಕ್ತದೊತ್ತಡದ ಔಷಧ ಕೊಡಬೇಕೆಂದು ಹೇಳುವ, 2018ರಲ್ಲಿ ಬಹಳ ಸುದ್ದಿ ಮಾಡಿದ ಮಾದರಿ ಕಲಿತದ್ದು ಆ ದಾಖಲೆಗಳಿಂದ. ಅಲ್ಲಿ ಮಲೆನಾಡಿನ ಮಂಗನ ಕಾಯಿಲೆ ಇಲ್ಲ. ನಮ್ಮ ಐಸಿಯುಗಳ ನಿತ್ಯದ ಕಥೆಯಾದ ಕೀಟನಾಶಕ ಸೇವನೆ, ಹಾವು ಕಡಿತ, ಡೆಂಗಿ, ಇಲಿಜ್ವರ ಇವುಗಳ ಅನುಭವ ಬಾಸ್ಟನ್ನಿನ ಹಾಸಿಗೆಗಳಿಗೆ ಎಷ್ಟಿದ್ದೀತು? ನಮ್ಮವರ ದೇಹ, ನಮ್ಮವರ ಕಾಯಿಲೆ, ನಮ್ಮವರು ಆಸ್ಪತ್ರೆಗೆ ಬರುವ ಹೊತ್ತು, ಇವೆಲ್ಲ ದಾಖಲಾಗಬೇಕಾದರೆ ನಮ್ಮ ವೈದ್ಯರು ಆ ಕೆಲಸ ಬಲ್ಲವರಾಗಬೇಕು. ಭಾರತೀಯ ತೀವ್ರ ನಿಗಾ ವೈದ್ಯರ ಸಂಘದವರು 2010-11ರಲ್ಲಿ 124 ಐಸಿಯುಗಳ 4,209 ರೋಗಿಗಳ ಚಿತ್ರ ಕೂಡಿಸಿದರು. 2019ರಲ್ಲಿ ಐರಿಸ್ ಎಂಬ ಭಾರತೀಯ ಐಸಿಯು ನೋಂದಣಿ ಆರಂಭವಾಯಿತು. ದಾರಿ ತೆರೆದಿದೆ, ನಡೆಯುವವರು ಬೇಕು. ತಾಲ್ಲೂಕು ಮಟ್ಟದ ಹತ್ತು ಹಾಸಿಗೆಯ ಐಸಿಯುಗಳನ್ನು ವೈದ್ಯಕೀಯ ಕಾಲೇಜುಗಳ ತಜ್ಞರೊಂದಿಗೆ ಪರದೆಯ ಮೂಲಕ ಜೋಡಿಸುವ ಯೋಜನೆ ಕರ್ನಾಟಕಕ್ಕೂ ಬಂದಿದೆ. ಮೈಲಿಗಟ್ಟಲೆ ದೂರದಲ್ಲಿ ಕೂತು ಅಂಕಿಗಳನ್ನಷ್ಟೇ ನೋಡಿ ಸಲಹೆ ಕೊಡುವ ತಜ್ಞನಿಗೆ ಆ ಅಂಕಿಗಳ ಮೇಲೆ ಎಷ್ಟು ಭಾರ ಹಾಕಬಹುದೆಂದು ತಿಳಿದಿರಬೇಡವೇ?

ಸಮಯವಿಲ್ಲ ಎಂಬ ಮಾತನ್ನು ನಾನು ಕೇಳಿ ಸಾಕಾಗಿದ್ದೇನೆ. ಅಲ್ಟ್ರಾಸೌಂಡ್ ಐಸಿಯುವಿಗೆ ಬಂದಾಗಲೂ ಇದೇ ಮಾತಿತ್ತು: ಅದು ರೇಡಿಯಾಲಜಿಯವರ ಕೆಲಸ, ನಮಗೆ ಹೊತ್ತಿಲ್ಲ. ಇಂದು ಅಲ್ಟ್ರಾಸೌಂಡ್ ಇಲ್ಲದೆ ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಹಾಕುವ ಡಿಎಂ ವಿದ್ಯಾರ್ಥಿಯನ್ನು ನಾವು ಬೈಯುತ್ತೇವೆ. ಹೊಸದನ್ನೆಲ್ಲ ಬೇಡವೆನ್ನುವ ಹಿರಿಯರು ಪ್ರತಿ ತಲೆಮಾರಿನಲ್ಲೂ ಇರುತ್ತಾರೆ.

ಗೋಪ್ಯತೆಯ ವಿಷಯವನ್ನೂ ಸೇರಿಸುತ್ತೇನೆ. ರಾತ್ರಿ ಹೊತ್ತು ಕಿರಿಯ ವೈದ್ಯರು ಮಾನಿಟರಿನ, ಕೇಸ್ ಶೀಟಿನ, ಎಕ್ಸ್‌ರೇಯ ಫೋಟೊ ತೆಗೆದು ಹಿರಿಯರಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ರೋಗಿಯ ಹೆಸರು, ವಯಸ್ಸು, ನೋಂದಣಿ ಸಂಖ್ಯೆ ಎಲ್ಲವೂ ಚಿತ್ರದಲ್ಲಿರುತ್ತವೆ, ಆಮೇಲೆ ಅದು ಎಲ್ಲರ ಫೋನಿನಲ್ಲಿ ಉಳಿಯುತ್ತದೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾನೂನು ಬಂದಿದೆ. ಅದರ ಹೆಸರನ್ನೂ ಕೇಳದೆ ನಮ್ಮ ಹುಡುಗರು ತಜ್ಞರಾಗಿ ಹೊರಬರುತ್ತಿದ್ದಾರೆ.

ನಾನು ಕೇಳುವುದು ವಾರಕ್ಕೆ ಒಂದು ಮಧ್ಯಾಹ್ನ. ಮೊದಲ ವರ್ಷ, ಒಂದು ಅಂಕಿಯನ್ನು ರೋಗಿಯ ದೇಹದಿಂದ ಕಡತದವರೆಗೆ ಹಿಂಬಾಲಿಸಿ ಬರಲಿ. ಎರಡನೆಯ ವರ್ಷ, ತಮ್ಮ ಘಟಕದ ದತ್ತಾಂಶ ತೆಗೆದು ಒಂದು ಪ್ರಶ್ನೆಗೆ ಉತ್ತರ ಹುಡುಕಲಿ. ಮೂರನೆಯ ವರ್ಷ, ಮಾರುಕಟ್ಟೆಯ ಒಂದು ತಂತ್ರಾಂಶವನ್ನು ತಮ್ಮ ರೋಗಿಗಳ ದಾಖಲೆಯ ಮೇಲೆ ಪರೀಕ್ಷಿಸಿ, ಕೊಳ್ಳಬಹುದೇ ಬೇಡವೇ ಎಂದು ಕಾರಣ ಸಹಿತ ಬರೆದು ಸಹಿ ಹಾಕಲಿ. ಅಂತಿಮ ಪರೀಕ್ಷೆಯಲ್ಲಿ ಇದಕ್ಕೂ ಅಂಕವಿರಲಿ. ಅಂಕವಿಲ್ಲದ್ದನ್ನು ನಮ್ಮ ವಿದ್ಯಾರ್ಥಿಗಳು ಓದುವುದಿಲ್ಲ ಎಂಬುದು ಪಾಠ ಹೇಳುವ ಎಲ್ಲರಿಗೂ ಗೊತ್ತು.

ವಿರೋಧ: ಮೊದಲು ಹಾಸಿಗೆಯ ಪಕ್ಕ ನಿಲ್ಲಲು ಬಿಡಿ

ವಿರೋಧದ ಪಕ್ಷ ವಹಿಸಿ ಬರೆಯಬೇಕೆಂದು ಸಂಪಾದಕರು ಕೇಳಿಕೊಂಡರು. ದತ್ತಾಂಶದ ವಿದ್ಯೆಯೇ ಬೇಡ ಎನ್ನುವವನು ನಾನಲ್ಲ. ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿ, ಪರೀಕ್ಷೆಯ ವಿಷಯವಾಗಿಸುವುದಕ್ಕೆ ಮಾತ್ರ ನನ್ನ ವಿರೋಧ. ಅಷ್ಟರ ಮಟ್ಟಿಗೆ ಈ ಪಕ್ಷ ನನ್ನದೇ.

ಪರವಾಗಿ ಬರೆದ ವೈದ್ಯೆಯ ಲೇಖನವನ್ನು ನನಗೆ ಮೊದಲೇ ಕಳುಹಿಸಿದ್ದರು. ಕನಕಪುರದ ತಾಯಿಯ ಪ್ರಸಂಗ ಓದಿ ನನಗೆ ಅನ್ನಿಸಿದ್ದು ಇಷ್ಟು: ಅಲ್ಲಿ ಬೇಕಾಗಿದ್ದದ್ದು ಅಳತೆಪಟ್ಟಿ. ರೋಗಿಯ ಹೊದಿಕೆ ಸರಿಸಿ, ಕಾಲಿನ ತುದಿಯವರೆಗೆ ಒಮ್ಮೆ ನೋಡಿದ್ದರೆ ಇವರು ಗಿಡ್ಡಗಿದ್ದಾರೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಎಷ್ಟೋ ವರ್ಷ ಒಂದು ಘಟಕದ ವೈದ್ಯರೆಲ್ಲ ಅದನ್ನು ಗಮನಿಸಲಿಲ್ಲವೆಂದರೆ, ಅವರು ಆಗಲೇ ರೋಗಿಗಿಂತ ಪರದೆಯನ್ನು ಹೆಚ್ಚು ನೋಡುತ್ತಿದ್ದರು ಎಂದಾಗುತ್ತದೆ. ಅಂಥವರನ್ನು ಪರದೆಯ ಮುಂದೆ ಇನ್ನಷ್ಟು ಹೊತ್ತು ಕೂರಿಸುವುದು ಪರಿಹಾರವಲ್ಲ.

ಅಂಕಿಗಳನ್ನು ನೇರ್ಪಡಿಸುವ ಹಂಬಲ ರೋಗಿಗೆ ಮುಳುವಾದ ಉದಾಹರಣೆ ನಮ್ಮ ವೃತ್ತಿಯಲ್ಲಿದೆ. ಐಸಿಯು ರೋಗಿಗಳ ಸಕ್ಕರೆಯ ಮಟ್ಟವನ್ನು ಬಿಗಿಯಾಗಿ ಹಿಡಿದಿಟ್ಟರೆ ಒಳ್ಳೆಯದೆಂದು ಜಗತ್ತೆಲ್ಲ ಇನ್ಸುಲಿನ್ ಸುರಿದ ಕಾಲವೊಂದಿತ್ತು. ಚಾರ್ಟುಗಳು ನೋಡಲು ಚೆಂದವಿದ್ದವು. 2009ರಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ನೈಸ್-ಶುಗರ್ ಪ್ರಯೋಗದ ಫಲಿತಾಂಶ ಬಂತು: ಬಿಗಿ ಹಿಡಿದವರಲ್ಲಿ ಸತ್ತವರು ಶೇ 27.5, ಸಡಿಲ ಬಿಟ್ಟವರಲ್ಲಿ ಶೇ 24.9. ಇದಕ್ಕೆ ಪ್ರತಿಯಾಗಿ 2019ರಲ್ಲಿ ದಕ್ಷಿಣ ಅಮೆರಿಕದ ಐದು ದೇಶಗಳ ವೈದ್ಯರು ಮಾಡಿದ್ದನ್ನು ನೋಡಿ. ನಂಜೇರಿ ರಕ್ತದೊತ್ತಡ ಕುಸಿದ 424 ರೋಗಿಗಳಲ್ಲಿ ಅರ್ಧ ಮಂದಿಗೆ ರಕ್ತದ ಲ್ಯಾಕ್ಟೇಟ್ (ಅಂಗಾಂಗಗಳಿಗೆ ರಕ್ತ ಸಾಲದಾದಾಗ ಏರುವ ಅಂಶ) ಅಂಕಿ ನೋಡಿ ಚಿಕಿತ್ಸೆ ಕೊಟ್ಟರು. ಉಳಿದವರಿಗೆ ಬೆರಳ ತುದಿ ಒತ್ತಿ, ಬಿಟ್ಟ ಮೇಲೆ ಬಣ್ಣ ಮರಳಲು ಎಷ್ಟು ಸೆಕೆಂಡ್ ಬೇಕೆಂದು ನೋಡಿ ಚಿಕಿತ್ಸೆ ಕೊಟ್ಟರು. 28 ದಿನಗಳಲ್ಲಿ ಸಾವು ಮೊದಲ ಗುಂಪಿನಲ್ಲಿ ಶೇ 43.4, ಬೆರಳು ಒತ್ತಿದ ಗುಂಪಿನಲ್ಲಿ ಶೇ 34.9. ಸಂಖ್ಯಾಶಾಸ್ತ್ರದ ಗಡಿಯನ್ನು ಈ ವ್ಯತ್ಯಾಸ ಕೂದಲೆಳೆಯಲ್ಲಿ ದಾಟಲಿಲ್ಲ, ನಿಜ. ಆದರೆ ವಿದ್ಯುತ್ತೂ ಬೇಡದ, ಕಾಸೂ ಬೇಡದ ಒಂದು ಪರೀಕ್ಷೆ ಲ್ಯಾಬಿನ ಅಂಕಿಯ ಜೊತೆ ಸರಿಸಮ ನಿಂತಿತು. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರಿಗೆ ಅದನ್ನು ಸರಿಯಾಗಿ ಮಾಡಲು ಬರುವುದಿಲ್ಲ. ಹತ್ತು ಸೆಕೆಂಡ್ ಗಟ್ಟಿಯಾಗಿ ಒತ್ತಬೇಕು, ಗಡಿಯಾರ ನೋಡಿ ಎಣಿಸಬೇಕು. ವಾರದ ಆ ಮಧ್ಯಾಹ್ನವನ್ನು ನನಗೆ ಕೊಟ್ಟರೆ ನಾನು ಇದನ್ನು ಕಲಿಸುತ್ತೇನೆ.

ದತ್ತಾಂಶ ಎನ್ನುತ್ತೇವಲ್ಲ, ಅದನ್ನು ಬರೆಯುವವರು ಯಾರು? ಸ್ಟಾಫ್ ನರ್ಸ್. ಕೃತಕ ಉಸಿರಾಟದಲ್ಲಿರುವ ಪ್ರತಿ ರೋಗಿಗೆ ಒಬ್ಬ ನರ್ಸ್ ಇರಬೇಕೆಂದು ನಮ್ಮ ಸಂಘದ ಮಾರ್ಗಸೂಚಿ ಹೇಳುತ್ತದೆ. ನಾನು ಕಂಡ ಸರ್ಕಾರಿ ಐಸಿಯುಗಳಲ್ಲಿ ಒಬ್ಬ ಸಿಸ್ಟರ್ ಮೂವರನ್ನು ನೋಡಿಕೊಳ್ಳುತ್ತಾರೆ. ಒಬ್ಬರ ಕಫ ತೆಗೆಯುವಾಗ ಇನ್ನೊಬ್ಬರ ಪಂಪ್ ಕೂಗುತ್ತದೆ, ಮೂರನೆಯವರ ಮನೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಗಂಟೆಗೊಮ್ಮೆ ತುಂಬಬೇಕಾದ ಮೂತ್ರದ ಅಳತೆಯನ್ನು ಪಾಳಿ ಮುಗಿಯುವಾಗ ನೆನಪಿನಿಂದ ಒಟ್ಟಿಗೆ ತುಂಬುತ್ತಾರೆ. ಅವರ ತಪ್ಪಲ್ಲ, ಅವರಿಗೆ ಇರುವುದು ಎರಡೇ ಕೈ. ಈ ಅಂಕಿಗಳ ಮೇಲೆ ಎಷ್ಟು ಸೊಗಸಾದ ವಿಶ್ಲೇಷಣೆ ಮಾಡಿದರೂ ಹೊರಬರುವುದು ಆ ಸಿಸ್ಟರ್ ಅವರ ದಣಿವು ಮಾತ್ರ. ದತ್ತಾಂಶ ಶುದ್ಧವಾಗಬೇಕೆ? ನರ್ಸುಗಳನ್ನು ನೇಮಿಸಿ. ಅದಕ್ಕೆ ಹಣವಿಲ್ಲ ಎನ್ನುವ ಆಡಳಿತಗಳು ವೈದ್ಯರ ತರಬೇತಿಗೆ, ತಂತ್ರಾಂಶದ ಪರವಾನಗಿಗೆ ಹಣ ಹುಡುಕುವುದು ನನಗೆ ನೋವಿನ ಸಂಗತಿ.

ದಾಖಲೆಗೆ ಎಂದೂ ಬಾರದ ಸಂಗತಿಗಳೂ ಇವೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ ಎಂದು ಕಡತ ಹೇಳುತ್ತದೆ. ನಿಜದಲ್ಲಿ ಏನಾಗಿರುತ್ತದೆ? ಹೊಲ ಅಡವಿಟ್ಟು ತಂದ ದುಡ್ಡು ನಾಲ್ಕನೆಯ ದಿನಕ್ಕೆ ಮುಗಿದಿರುತ್ತದೆ. ಮಗ ಬಂದು ಕೈ ಮುಗಿದು, ‘ಸಾಹೇಬರೇ, ಇನ್ನು ಮನೆಗೆ ಕರೆದುಕೊಂಡು ಹೋಗುತ್ತೇವೆ, ಅಪ್ಪನ ಉಸಿರು ಊರಲ್ಲೇ ಹೋಗಲಿ’ ಎನ್ನುತ್ತಾನೆ. ಈ ಸಾವನ್ನು ಯಾವ ಮಾದರಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಆಸ್ಪತ್ರೆಯ ದಾಖಲೆಯಲ್ಲಿ ಅವನು ಜೀವಂತವಾಗಿ ಹೊರಗೆ ಹೋದವನು. ಆ ಮಗನ ಎದುರು ಕೂತು ಏನು ಮಾತನಾಡಬೇಕು ಎಂಬುದನ್ನು ನಾವು ಕಲಿಸಿದ್ದೇವೆಯೇ? ಚೇತರಿಸಿಕೊಳ್ಳುವ ಆಸೆಯಿಲ್ಲದ ರೋಗಿಗಳ ಜೀವರಕ್ಷಕ ಸಾಧನಗಳನ್ನು ಹಿಂತೆಗೆಯುವ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು, ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಇದನ್ನು ನಿರ್ಧರಿಸುವ ಎರಡು ವೈದ್ಯಕೀಯ ಮಂಡಳಿಗಳು ಹೇಗೆ ರಚನೆಯಾಗುತ್ತವೆ, ಮನೆಯವರ ಒಪ್ಪಿಗೆ ಹೇಗೆ ಪಡೆಯಬೇಕು ಎಂದು ಡಿಎಂ ಮುಗಿಸಿದ ಹುಡುಗರನ್ನು ಕೇಳಿದರೆ ತಡವರಿಸುತ್ತಾರೆ. ಕಡ್ಡಾಯವಾಗಿ ಏನನ್ನಾದರೂ ಸೇರಿಸುವುದಾದರೆ ಇದು ಮೊದಲು ಬರಬೇಕು. ನನ್ನ ಮಟ್ಟಿಗೆ ಇದರಲ್ಲಿ ಸಂದೇಹವೇ ಇಲ್ಲ.

ತಂತ್ರಾಂಶ ಕಂಪನಿಗಳು ಉತ್ಪ್ರೇಕ್ಷೆ ಮಾಡುತ್ತವೆ ಎಂಬ ಮಾತು ಗಂಭೀರವಾದದ್ದು. ಆದರೆ ವೈದ್ಯಕೀಯ ಉಪಕರಣಗಳ ನಿಯಮಗಳ ವ್ಯಾಪ್ತಿಗೆ ತಂತ್ರಾಂಶವೂ 2020ರಿಂದ ಬಂದಿದೆ, ಆಸ್ಪತ್ರೆಗಳಲ್ಲಿ ಖರೀದಿ ಸಮಿತಿಗಳಿವೆ. ಅವರು ತಮ್ಮ ಕೆಲಸ ಮಾಡಲಿ. ಔಷಧದ ಪ್ರತಿ ಗುಳಿಗೆಯನ್ನೂ ವೈದ್ಯನೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಕೊಡಬೇಕೆಂದು ನಾವು ಹೇಳುವುದಿಲ್ಲವಷ್ಟೇ. ಮೂವತ್ತಾರು ಗಂಟೆ ಪಾಳಿ ಮಾಡಿ ಬಂದ ಹುಡುಗನನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಕೂರಿಸುವುದು ಯಾವ ನ್ಯಾಯ? ಅಮೆರಿಕದಲ್ಲಿ ಗಣಕೀಕೃತ ದಾಖಲೆ ಬಂದ ಮೇಲೆ, ಹೊರರೋಗಿ ವಿಭಾಗದ ವೈದ್ಯರು ರೋಗಿಯೊಂದಿಗೆ ಕಳೆಯುವ ಪ್ರತಿ ಒಂದು ಗಂಟೆಗೆ ಕಂಪ್ಯೂಟರ್ ಮತ್ತು ಮೇಜಿನ ಕೆಲಸಕ್ಕೆ ಸುಮಾರು ಎರಡು ಗಂಟೆ ಕೊಡುತ್ತಾರೆಂದು 2016ರ ಅಧ್ಯಯನವೊಂದು ಕಂಡುಕೊಂಡಿತು. ನಾವೂ ಆ ದಾರಿಯಲ್ಲಿದ್ದೇವೆ, ಇನ್ನೂ ಅಲ್ಲಿಗೆ ತಲುಪಿಲ್ಲ.

ಆಕ್ಸಿಮೀಟರಿನ ವಿಷಯದಲ್ಲಿ ವೈದ್ಯೆಯ ಮಾತನ್ನು ಒಪ್ಪುತ್ತೇನೆ. ನಮ್ಮ ಜನರ ದಾಖಲೆಗಳನ್ನು ನಮ್ಮವರೇ ತೆಗೆದು ನೋಡಬೇಕು ಎಂಬುದನ್ನೂ ಒಪ್ಪುತ್ತೇನೆ. ಪ್ರತಿ ವಿಭಾಗದಲ್ಲಿ ಆಸಕ್ತಿಯುಳ್ಳ ಒಬ್ಬಿಬ್ಬರು ಇದನ್ನು ಆಳವಾಗಿ ಕಲಿಯಲಿ, ಅವರಿಗೆ ವರ್ಷದ ಫೆಲೊಶಿಪ್ ಕೊಡಿ, ರಾತ್ರಿ ಪಾಳಿಯಿಂದ ಬಿಡುವು ಕೊಡಿ, ಒಬ್ಬ ಸಂಖ್ಯಾಶಾಸ್ತ್ರಜ್ಞರನ್ನು ಜೊತೆಗೆ ನೇಮಿಸಿ. ಆ ಕರಾವಳಿಯ ಹುಡುಗಿಯಂಥವರು ನನ್ನ ವಿಭಾಗಕ್ಕೆ ಬಂದರೆ ನಾನೇ ಮುಂದೆ ನಿಂತು ಈ ಅನುಕೂಲಗಳನ್ನೆಲ್ಲ ಕೊಡಿಸುತ್ತೇನೆ. ಉಳಿದವರ ಮೂರು ವರ್ಷಗಳನ್ನು ಮಾತ್ರ ದಯವಿಟ್ಟು ರೋಗಿಗಳಿಗೇ ಬಿಡಿ.